ಕಪ್ಪು ಚೀಲದೊಳಗಿನ ಮುದಿಮರ

ಚೀನಾದ ಸುಝೌ ನಗರದ ಪಶ್ಚಿಮಕ್ಕೆ, ತೈಹು ಸರೋವರದ ಸಮೀಪ, ಗುವಾಂಗ್‌ಫು ಎಂಬ ಊರಿದೆ. ಅಲ್ಲಿನ ಸಿತು ದೇಗುಲದ ಅಂಗಳದಲ್ಲಿ ನಾಲ್ಕು ಜುನಿಪರ್ ಮರಗಳಿವೆ. ಹಾನ್ ದೊರೆಗಳ ಕಾಲದ ಸೇನಾಪತಿ ದೆಂಗ್ ಯು ನೆಟ್ಟವು ಎಂಬ ಐತಿಹ್ಯವನ್ನು ನಂಬುವುದಾದರೆ ಅವಕ್ಕೆ ಸುಮಾರು 1900 ವರ್ಷ. ನಾಲ್ಕಕ್ಕೂ ಹೆಸರಿದೆ: ಚಿಂಗ್, ಚಿ, ಗು, ಗುವಾಯ್. ಚಿಂಗ್ ನೆಟ್ಟಗೆ, ತುಂಬು ಹಸಿರಾಗಿ ನಿಂತಿದೆ. ಚಿ ಮರದ ಕಾಂಡ ಸೀಳಿ ಹೊಟ್ಟೆ ಟೊಳ್ಳಾಗಿದೆ. ಗು ಮರದ ತೊಗಟೆ ಸುರುಳಿ ಸುತ್ತಿಕೊಂಡು ಮೇಲೇರಿದೆ. ಗುವಾಯ್‌ದು ಬೇರೆಯೇ ಕಥೆ. ಸಿಡಿಲು ಬಡಿದು ಸೀಳಿ ನೆಲಕ್ಕೊರಗಿದ ಮರ ಅದು. ಬಿದ್ದಲ್ಲೇ ಹೊರಳಿ, ಉಳಿದ ಒಂದಿಷ್ಟು ತೊಗಟೆಯ ಬಲದ ಮೇಲೆ ಮತ್ತೆ ತಲೆಯೆತ್ತಿದೆ.

ಕುಂಡದಲ್ಲಿ ಮರವನ್ನೂ ಬೆಟ್ಟವನ್ನೂ ನೀರನ್ನೂ ಕಟ್ಟಿ ನಿಲ್ಲಿಸುವ ಚೀನೀಯರ ಪೆನ್‌ಜಿಂಗ್ ಕಲೆಗೆ ಈ ನಾಲ್ಕನೆಯ ಮರವೇ ಹೆಚ್ಚು ಪ್ರಿಯ. ಒಂದೇ ಕಾಂಡದಲ್ಲಿ ಸತ್ತ ಕಟ್ಟಿಗೆಯೂ ಬದುಕಿರುವ ತೊಗಟೆಯೂ ಅಕ್ಕಪಕ್ಕ ಇರಬೇಕು, ಮರ ಏನನ್ನೋ ಸಹಿಸಿ ಉಳಿದಿದೆ ಎಂದು ನೋಡಿದವರಿಗೆ ಅನ್ನಿಸಬೇಕು. ಅಂಥ ಮರವನ್ನು ಬೆಟ್ಟದ ಬಂಡೆಯಿಂದ ಕಿತ್ತು ತರುವ ಕಾಲ ಮುಗಿಯಿತು, ತರಲೂಬಾರದು. ಇವತ್ತಿನ ಹವ್ಯಾಸಿಗೆ ಸಿಗುವುದು ನರ್ಸರಿಯ ಜುನಿಪರ್. ಬೆಂಗಳೂರಿನಲ್ಲಾದರೆ ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿಗಳಲ್ಲಿ ವಿಚಾರಿಸಬಹುದು. ಅಪಾರ್ಟ್‌ಮೆಂಟಿನ ಗೇಟಿನ ಪಕ್ಕಕ್ಕೋ ಹುಲ್ಲುಹಾಸಿನ ಅಂಚಿಗೋ ನೆಡಲೆಂದು ಬೆಳೆಸಿದ ಗಿಡ. ಕಪ್ಪು ಪಾಲಿಥೀನ್ ಚೀಲ, ಚೀಲದ ತುಂಬ ಕೆಂಪು ಮಣ್ಣು, ಅದರ ಮೇಲೆ ಕಾಂಡವೇ ಕಾಣದಷ್ಟು ಒತ್ತಾದ ಹಸಿರು. ಇದರೊಳಗೊಂದು ಮುದಿಮರವಿದೆ ಎಂದರೆ ನರ್ಸರಿಯ ಮಾಲಿಯೇ ನಕ್ಕಾನು.

ಬೋನ್ಸಾಯ್ ಎಂದರೆ ಜಪಾನ್ ಎಂಬ ಮಾತು ನಮ್ಮಲ್ಲಿ ಬೇರುಬಿಟ್ಟಿದೆ. ಆದರೆ ತಾಯಿಬೇರು ಚೀನಾದ್ದು. ತಾಂಗ್ ವಂಶದ ರಾಜಕುಮಾರ ಲಿ ಶಿಯೆನ್‌ನ ಸಮಾಧಿಯನ್ನು 1971-72ರಲ್ಲಿ ಅಗೆದಾಗ ಗೋಡೆಗಳ ಮೇಲೆ ಚಿತ್ರಗಳು ಸಿಕ್ಕವು. ಆ ಸಮಾಧಿ ಕ್ರಿ.ಶ. 706ರದ್ದು. ಚಿತ್ರದಲ್ಲಿ ಪರಿಚಾರಕರು ಪುಟ್ಟ ಗಿಡ, ಕಲ್ಲು ಜೋಡಿಸಿದ ತಟ್ಟೆಗಳನ್ನು ಕೈಯಲ್ಲಿ ಹಿಡಿದು ನಡೆದಿದ್ದಾರೆ. ಜಪಾನಿಗೆ ಈ ಕಲೆ ಹೋದದ್ದು ಆಮೇಲೆ. ಅಲ್ಲಿ ಅದು ಇನ್ನೊಂದು ಹದಕ್ಕೆ ಬಂತು. ಜಪಾನೀಯರ ಕುಂಡದಲ್ಲಿ ಕೊಂಬೆಗಳಿಗೆ ಶಿಸ್ತು, ಆಕಾರಕ್ಕೆ ತ್ರಿಕೋನದ ಲೆಕ್ಕ, ಹಸಿರಿನ ಪದರಗಳಿಗೆ ಒಪ್ಪ. ಚೀನೀ ಮರ ಒರಟು. ಒಂದು ಕೊಂಬೆ ಅಳತೆ ಮೀರಿ ಹೊರಕ್ಕೆ ಚಾಚಿದ್ದರೂ ಅದನ್ನು ಉಳಿಸಿಕೊಳ್ಳುತ್ತಾರೆ, ಮರವನ್ನು ಕುಂಡದ ತೀರಾ ಒಂದು ಬದಿಗೆ ನೆಟ್ಟು ಮಿಕ್ಕ ಜಾಗವನ್ನು ಖಾಲಿ ಬಿಡುತ್ತಾರೆ. ಯಾವುದು ಮೇಲು ಎಂಬ ಜಗಳ ಬೇಡ. ಆದರೆ ನರ್ಸರಿಯ ಗಿಡ ಹಿಡಿದು ಕೂತ ಹೊಸಬನಿಗೆ ಚೀನೀ ಪದ್ಧತಿಯೇ ಹೆಚ್ಚು ಒಗ್ಗುತ್ತದೆ ಎಂಬುದು ನನ್ನ ಅಭಿಪ್ರಾಯ. ನರ್ಸರಿಯಿಂದ ಬರುವ ಗಿಡದಲ್ಲಿ ಕೊಂಬೆಗಳು ಲೆಕ್ಕಕ್ಕೆ ಸರಿಯಾಗಿ ಇರುವುದೇ ಇಲ್ಲ. ಇದ್ದದ್ದನ್ನು ಇದ್ದಂತೆ ಒಪ್ಪಿಕೊಳ್ಳುವ ಪದ್ಧತಿ ಅಲ್ಲಿ ಕೈಹಿಡಿಯುತ್ತದೆ.

ಪೆನ್‌ಜಿಂಗ್‌ನವರ ಗುರು ಚಿತ್ರಕಲೆ. ಸುಝೌ ಬಳಿಯ ಚಾಂಗ್‌ಶು ಊರಿನ ದಾವೋ ದೇಗುಲವೊಂದರಲ್ಲಿ ಏಳು ಹಳೆಯ ಜುನಿಪರ್‌ಗಳಿದ್ದವು. ಮಿಂಗ್ ಕಾಲದ ಹೆಸರಾಂತ ಚಿತ್ರಕಾರ ವೆನ್ ಝೆಂಗ್‌ಮಿಂಗ್ 1532ರಲ್ಲಿ ಅವನ್ನು ಉದ್ದನೆಯ ಸುರುಳಿಯ ಮೇಲೆ ಬರೆದ. ಬಣ್ಣವಿಲ್ಲ, ಬರಿ ಮಸಿ. ಕಾಂಡಗಳು ಒಂದರ ಮೇಲೊಂದು ಹಾದುಹೋಗುತ್ತವೆ, ಮುರಿದ ತುದಿಗಳು ಎಲ್ಲೆಲ್ಲೋ ಚುಚ್ಚಿಕೊಂಡಿವೆ. ಈಗ ಹೊನೊಲುಲುವಿನ ಕಲಾ ಸಂಗ್ರಹಾಲಯದಲ್ಲಿರುವ ಆ ಸುರುಳಿಯನ್ನು ಚಿತ್ರದಲ್ಲಾದರೂ ನೋಡಿ ಆಮೇಲೆ ಕತ್ತರಿ ಹಿಡಿದರೆ ಒಳ್ಳೆಯದು. ಜುನಿಪರ್‌ನ ಸೊಗಸು ಎಲೆಯಲ್ಲಿಲ್ಲ, ಕಾಂಡದ ಓಟದಲ್ಲಿದೆ ಎಂಬುದು ಅಲ್ಲಿ ಎದ್ದು ಕಾಣುತ್ತದೆ.

ಚೀನಾ ಎಂದರೆ ಒಂದೇ ಪದ್ಧತಿಯೂ ಅಲ್ಲ. ಯಾಂಗ್‌ಝೌನವರು ಎಲೆಗಳನ್ನು ಚಪ್ಪಟೆ ಮೋಡದ ಪದರಗಳಾಗಿ ಕಟ್ಟುತ್ತಾರೆ. ಕಟ್ಟಲು ತಂತಿಯಿಲ್ಲ, ಒಂದು ಜಾತಿಯ ತಾಳೆಯ ನಾರಿನಿಂದ ಹೊಸೆದ ಹುರಿ. ಒಂದಂಗುಲಕ್ಕೆ ಮೂರು ಬಾಗು ಬರಬೇಕೆಂಬುದು ಅವರ ಗಾದೆ, ಹುರಿ ಕಟ್ಟುವ ಬಗೆಗಳೇ ಹನ್ನೊಂದು. ಚೀನಾ ಸರ್ಕಾರ 2008ರಲ್ಲಿ ಇದನ್ನು ರಾಷ್ಟ್ರೀಯ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಪಳಗಿದ ಕೈ ಮಾಡಿದಾಗ ಈ ಮೋಡಗಳು ಚೆಂದ; ನಮ್ಮಂಥವರು ಅನುಕರಿಸಿದಾಗ ಮರ ಇಡ್ಲಿ ತಟ್ಟೆಗಳ ಸ್ಟ್ಯಾಂಡಾಗಿ ನಿಲ್ಲುತ್ತದೆ. ದಕ್ಷಿಣದ ಗುವಾಂಗ್‌ಡಾಂಗಿನ ಲಿಂಗ್‌ನಾನ್ ಪಂಥದವರು ಹುರಿಯನ್ನೂ ತಂತಿಯನ್ನೂ ಹೆಚ್ಚು ನೆಚ್ಚುವವರಲ್ಲ. ಕೊಂಬೆಯನ್ನು ಬೇಕಾದಷ್ಟು ದಪ್ಪವಾಗಲು ಬಿಟ್ಟು, ಕತ್ತರಿಸಿ, ಹೊಸ ಚಿಗುರು ಬೇರೆ ದಿಕ್ಕಿಗೆ ಹೊರಟಾಗ ಅದನ್ನು ಬೆಳೆಸಿ, ಮತ್ತೆ ಕತ್ತರಿಸುತ್ತಾರೆ. ಹೀಗೆ ವರ್ಷಗಟ್ಟಲೆ. ಕೊಂಬೆಯ ಪ್ರತಿ ತಿರುವೂ ಕತ್ತರಿ ಕೊಟ್ಟದ್ದು.

ಈ ಕತ್ತರಿ ಪದ್ಧತಿ ಜುನಿಪರ್‌ಗೆ ನಡೆಯುವುದಿಲ್ಲ. ಎಲ್ಲ ಗೊಂದಲ ಶುರುವಾಗುವುದೂ ಇಲ್ಲಿಂದಲೇ. ಆಲ, ಅತ್ತಿ, ಹುಣಸೆಯ ಬೋಳು ಕೊಂಬೆಯನ್ನು ಕಡಿದರೆ ಕಡಿದ ಜಾಗದ ಹಿಂದಿನಿಂದ ಚಿಗುರು ಬರುತ್ತದೆ. ಜುನಿಪರ್‌ನ ಹಳೆಯ ಬೋಳು ಕಟ್ಟಿಗೆ ಚಿಗುರುತ್ತದೆಂದು ನೆಚ್ಚಿಕೊಳ್ಳುವಂತಿಲ್ಲ. ಹಸಿರು ಪೂರ್ತಿ ತೆಗೆದ ಕೊಂಬೆ ಸತ್ತಂತೆಯೇ. ಈ ಗಿಡದ ಶಕ್ತಿ ಇರುವುದು ಅದರ ಎಲೆಯಲ್ಲಿ. ಬೇರನ್ನು ಸಾಕುವುದೂ ಅದೇ ಎಲೆ. ಹಾಗಾಗಿ ಇಲ್ಲಿ ಏನು ಕತ್ತರಿಸಬೇಕು ಎಂಬುದಕ್ಕಿಂತ ಏನು ಉಳಿಸಬೇಕು ಎಂಬ ಪ್ರಶ್ನೆ ಮೊದಲು ಬರಬೇಕು. ಚೀನೀ ಚಿತ್ರಕಾರನೂ ಸಸ್ಯಶಾಸ್ತ್ರಜ್ಞನೂ ಈ ಒಂದು ಮಾತಿನಲ್ಲಿ ಒಂದೇ ಕಡೆ ನಿಲ್ಲುತ್ತಾರೆ.

ನರ್ಸರಿಯಲ್ಲಿ ಗಿಡ ಆರಿಸುವಾಗ ತಲೆ ನೋಡಿ ಮರುಳಾಗಬಾರದು. ಗುಂಡಗೆ, ಸಮವಾಗಿ ಬೆಳೆದ ಗಿಡ ತೋಟಕ್ಕೆ ಸರಿ, ನಮಗೆ ಬೇಡ. ಮೂಲೆಯಲ್ಲಿ ವಾಲಿಕೊಂಡು, ಪಕ್ಕದ ಗಿಡದ ನೆರಳಿಗೆ ಸಿಕ್ಕಿ ಒಂದೇ ಕಡೆಗೆ ಬೆಳೆದು, ಯಾರೂ ಕೊಳ್ಳದೆ ಉಳಿದ ಗಿಡವಿರುತ್ತದಲ್ಲ, ಅದನ್ನು ಎತ್ತಿ ನೋಡಿ. ಕೆಳಗಿನ ಕೊಂಬೆಗಳನ್ನು ಕೈಯಿಂದ ಸರಿಸಿ, ಬುಡದ ಮಣ್ಣನ್ನು ಬೆರಳಿನಿಂದಲೋ ಬಿದಿರಿನ ಕಡ್ಡಿಯಿಂದಲೋ ಮೆಲ್ಲಗೆ ಕೆದಕಬೇಕು. ಚೀಲ ಬದಲಿಸುವಾಗಲೆಲ್ಲ ಮೇಲೆ ಮಣ್ಣು ಸುರಿದಿರುವುದರಿಂದ ನಿಜವಾದ ಬುಡ ಎಷ್ಟೋ ಸಲ ಎರಡು ಬೆರಳಿನಷ್ಟು ಕೆಳಗಿರುತ್ತದೆ. ಕೆದಕುತ್ತ ಹೋದಂತೆ ಕಾಂಡ ಅಗಲವಾಗುತ್ತದೆ, ಬೇರು ನಾಲ್ಕೂ ಕಡೆ ಹರಡಿದ್ದು ಕಾಣುತ್ತದೆ. ಹಾಗೆ ಕಂಡರೆ ಗಿಡ ಕೊಳ್ಳಿ. ಒಂದು ಬೇರು ಇನ್ನೊಂದನ್ನು ಸುತ್ತಿ ಬಿಗಿದಿದ್ದರೆ ಬಿಡಿ. ಮಾಲಿಗೆ ಮೊದಲೇ ಹೇಳಿ ಕೆದಕುವುದು ಮರ್ಯಾದೆ.

ಮನೆಗೆ ತಂದ ದಿನವೇ ಕತ್ತರಿ ಹಾಕಬೇಡಿ. ಕೆಲವು ವಾರ ತಾರಸಿಯ ಬಿಸಿಲಿನಲ್ಲಿ ಇಟ್ಟು ಸುತ್ತಮುತ್ತ ತಿರುಗಿಸಿ ನೋಡಿ. ಕಾಂಡದ ಓಟ ಯಾವ ಕಡೆಯಿಂದ ಚೆನ್ನಾಗಿ ಕಾಣುತ್ತದೆ, ಚೀಲವನ್ನು ವಾಲಿಸಿದರೆ ಏನಾಗುತ್ತದೆ, ತಲೆಕೆಳಗಾಗಿ ಇಳಿಯುವ ಕೊಂಬೆ ಇದೆಯೇ. ಚೀನೀಯರಲ್ಲಿ ಬಂಡೆಯಂಚಿನಿಂದ ಕೆಳಕ್ಕೆ ಧುಮುಕುವ ಮರ, ನೀರಿನ ಮೇಲೆ ಬಾಗಿದ ಮರ, ಮೇಲ್ಗಡೆ ಮಾತ್ರ ಒಂದು ಹಿಡಿ ಹಸಿರುಳಿಸಿಕೊಂಡ ತೆಳುವಾದ ಪಂಡಿತರ ಮರ, ಹೀಗೆ ಹಲವು ಮಾದರಿಗಳಿವೆ. ಮಾದರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಗಿಡ ಹುಡುಕುವುದಕ್ಕಿಂತ ಗಿಡ ಯಾವ ಮಾದರಿಯ ಕಡೆಗೆ ಹೊರಟಿದೆ ಎಂದು ನೋಡುವುದು ಸುಲಭ. ನೆಲದ ಮೇಲೆ ಹರಡುವ ಜಾತಿಯ ಜುನಿಪರ್ ಸಿಕ್ಕರೆ ಬಂಡೆಯಂಚಿನ ಮರ ಮಾಡಿ. ಅದನ್ನು ನೆಟ್ಟಗೆ ನಿಲ್ಲಿಸಲು ಹೊರಟರೆ ನಿಮಗೂ ಅದಕ್ಕೂ ದಿನಾ ಜಗಳ.

ಮೊದಲ ಕೆಲಸ ಸ್ವಚ್ಛ ಮಾಡುವುದು. ಕವಲುಗಳ ಸಂದಿನಲ್ಲಿ ಒಣಗಿ ಕಂದಾದ ಸೂಜಿ ಎಲೆ, ಕೊಂಬೆಯ ಅಡಿಯಲ್ಲಿ ಜೋಲುವ ಪುಟ್ಟ ಚಿಗುರು, ನೆರಳಿಗೆ ಸೊರಗಿದ ಕಡ್ಡಿ, ಇಷ್ಟನ್ನು ತೆಗೆಯುವಷ್ಟರಲ್ಲೇ ಕಾಂಡ ಕಣ್ಣಿಗೆ ಬೀಳುತ್ತದೆ. ಮುಂದಿನದು ದೊಡ್ಡ ಕೊಂಬೆಗಳ ಆಯ್ಕೆ. ಬೇಡವೆನಿಸಿದ ಕೊಂಬೆಯನ್ನು ಬುಡಕ್ಕೆ ಸವರಿ ಹಾಕಬಾರದು. ಒಂದು ಗೇಣು ಬಿಟ್ಟು ಕತ್ತರಿಸಿ. ಆ ಮೋಟಿನ ಬುಡದಲ್ಲಿ ಚಾಕುವಿನಿಂದ ಸುತ್ತ ಗೀರಿ, ಕಟಿಂಗ್ ಪ್ಲೇಯರ್‌ನಿಂದ ತೊಗಟೆಯನ್ನು ಹಿಸುಕಿ ಎಳೆದರೆ, ಗಿಡ ಬೆಳೆಯುವ ಹಂಗಾಮಿನಲ್ಲಾದರೆ, ತೊಗಟೆ ತಾನಾಗಿ ಜಾರಿ ಬರುತ್ತದೆ. ಒಳಗೆ ಕೆನೆ ಬಣ್ಣದ, ಒದ್ದೆಯಾಗಿ ಮಿನುಗುವ ಕಟ್ಟಿಗೆ. ಪೆನ್ಸಿಲ್ ಹೆರೆದಾಗ ಬರುವ ವಾಸನೆ ಮೂಗಿಗೆ ಬಡಿಯುತ್ತದೆ. ಅದರಲ್ಲಿ ಆಶ್ಚರ್ಯವೇನಿಲ್ಲ, ಹಿಂದೆ ಒಳ್ಳೆಯ ಪೆನ್ಸಿಲ್‌ಗಳನ್ನು ಮಾಡುತ್ತಿದ್ದ ಅಮೆರಿಕದ ಕೆಂಪು ಸೀಡರ್ ಕೂಡ ಜುನಿಪರ್ ಕುಲದ ಮರವೇ. ಪ್ಲೇಯರ್‌ನಿಂದ ತುದಿಯ ಎಳೆಗಳನ್ನು ಹಿಡಿದು ಕೆಳಕ್ಕೆ ಸೀಳಿದರೆ ಕತ್ತರಿಯ ಗುರುತು ಮಾಯವಾಗಿ ಗಾಳಿಗೆ ಮುರಿದ ಕೊಂಬೆಯ ಹಾಗೆ ಕಾಣುತ್ತದೆ. ಹವ್ಯಾಸಿಗಳು ಇದಕ್ಕೆ ಜಪಾನೀ ಹೆಸರಿನಿಂದ ಜಿನ್ ಎನ್ನುತ್ತಾರೆ. ಒಣಗಿದ ಮೇಲೆ ಗಂಧಕ ಮತ್ತು ಸುಣ್ಣದ ದ್ರಾವಣ ಬಳಿದರೆ ಬೆಳ್ಳಗಾಗಿ, ಕೊಳೆಯದೆ ಉಳಿಯುತ್ತದೆ. ಕೊಳೆತ ಮೊಟ್ಟೆಯ ನಾತವಿರುವ ದ್ರಾವಣ. ನೆಂಟರು ಬರುವ ದಿನ ಆ ಕೆಲಸಕ್ಕೆ ಕೈ ಹಾಕಬೇಡಿ.

ಕಾಂಡದ ಮೇಲೂ ಹೀಗೆ ತೊಗಟೆ ಸುಲಿದು ಬಿಳಿಯ ಪಟ್ಟಿ ಬಿಡಬಹುದು. ಇಲ್ಲಿ ಮಾತ್ರ ಕೈ ಹಿಡಿತದಲ್ಲಿರಲಿ. ಜುನಿಪರ್‌ನಲ್ಲಿ ಬೇರಿನಿಂದ ಕೊಂಬೆಗೆ ನೀರು ಬಹುಮಟ್ಟಿಗೆ ನೇರ ದಾರಿಯಲ್ಲಿ ಹರಿಯುತ್ತದೆ. ಯಾವ ಕೊಂಬೆಯ ಕೆಳಗಿನ ತೊಗಟೆ ಸುಲಿದಿರೋ ಆ ಕೊಂಬೆ ಒಣಗುತ್ತದೆ. ಯಾವ ಕಡೆಯ ತೊಗಟೆ ಬೇರಿನವರೆಗೆ ಅಖಂಡವಾಗಿ ಉಳಿದಿದೆಯೋ ಆ ಕಡೆಯ ಕೊಂಬೆ ಬದುಕುತ್ತದೆ. ಗುವಾಯ್ ಮರ ಸಿಡಿಲಿಗೆ ಸೀಳಿಯೂ ಉಳಿದದ್ದು ಈ ಏರ್ಪಾಟಿನಿಂದ. ಹಾಗಾಗಿ ಮೊದಲು ಬದುಕಬೇಕಾದ ಪಟ್ಟಿಯನ್ನು ಸೀಮೆಸುಣ್ಣದಲ್ಲಿ ಗುರುತು ಮಾಡಿ, ಆಮೇಲೆ ಮಿಕ್ಕದ್ದರಲ್ಲಿ ಕಿರಿದಾಗಿ ಸುಲಿಯಿರಿ. ಅಗಲ ಮಾಡಲು ಮುಂದಿನ ವರ್ಷ ಇದ್ದೇ ಇದೆ. ಪಟ್ಟಿಯ ಅಂಚಿನ ಬದುಕಿರುವ ತೊಗಟೆ ವರ್ಷಗಳು ಕಳೆದಂತೆ ಉಬ್ಬುತ್ತದೆ. ಆ ಉಬ್ಬು ಬಂದಾಗ ಮರಕ್ಕೆ ನಿಜವಾದ ವಯಸ್ಸಿನ ಕಳೆ.

ಬಾಗಿಸುವುದಕ್ಕೆ ಅಲ್ಯೂಮಿನಿಯಂ ತಂತಿ ಸಾಕು, ಕೊಂಬೆಯ ಮೂರನೇ ಒಂದರಷ್ಟು ದಪ್ಪದ್ದು. 45 ಡಿಗ್ರಿ ಓರೆಯಲ್ಲಿ, ಒಂದರ ಮೇಲೊಂದು ಹತ್ತದಂತೆ ಸುತ್ತಬೇಕು. ಹೆಬ್ಬೆರಳಿನ ದಪ್ಪದ ಕೊಂಬೆಯಾದರೆ ತಂತಿಗೆ ಮೊದಲು ಒದ್ದೆ ಸೆಣಬನ್ನು ಬಿಗಿಯಾಗಿ ಸುತ್ತಿಕೊಳ್ಳಿ. ಬಾಗುವಾಗ ಎಳೆ ಬಿಟ್ಟುಕೊಳ್ಳುವುದಿಲ್ಲ. ಎರಡೂ ಹೆಬ್ಬೆರಳನ್ನು ಬಾಗಿನ ಒಳಭಾಗಕ್ಕೆ ಒತ್ತಿ ನಿಧಾನವಾಗಿ ಬಾಗಿಸಿ, ಚಿಟ್ ಎಂದ ಕೂಡಲೇ ನಿಲ್ಲಿಸಿ. ತಂತಿ ತೊಗಟೆಯೊಳಗೆ ಹೂತುಕೊಳ್ಳುವ ಮುನ್ನ ಬಿಚ್ಚಬೇಕು. ಬಿಚ್ಚುವಾಗ ತಿರುಗಿಸಿ ಎಳೆಯದೆ ತುಂಡು ತುಂಡಾಗಿ ಕತ್ತರಿಸಿ ತೆಗೆಯುವುದು ಕ್ಷೇಮ.

ಇನ್ನು ಎಲೆ. ಚಿಗುರನ್ನು ಉಗುರಿನಲ್ಲಿ ಚಿವುಟುತ್ತಲೇ ಇರಬೇಕೆಂದು ಹಳೆಯ ಪುಸ್ತಕಗಳು ಹೇಳುತ್ತಿದ್ದವು. ತುದಿಗಳನ್ನೆಲ್ಲ ಚಿವುಟಿದರೆ ಗಿಡ ಸೊರಗುತ್ತದೆ ಎಂಬುದು ಈಗಿನ ಅನುಭವಿಗಳ ಮಾತು. ಉದ್ದವಾಗಿ ಹೊರನುಗ್ಗಿದ ಚಿಗುರನ್ನಷ್ಟೇ ಕತ್ತರಿಯಿಂದ ಕವಲಿನವರೆಗೆ ತೆಗೆದರೆ ಸಾಕು. ಅತಿಯಾಗಿ ಕತ್ತರಿಸಿದ ಗಿಡ ಹಠ ಮಾಡುತ್ತದೆ: ನಯವಾದ ಪೊರೆಯಂಥ ಎಲೆ ಬಿಡುವ ಜಾತಿಯೂ ಎಳೆಗಿಡದ ಹಾಗೆ ಚುಚ್ಚುವ ಸೂಜಿ ಎಲೆ ಬಿಡಲು ಶುರುಮಾಡುತ್ತದೆ. ಹಾಗಾದರೆ ಒಂದೆರಡು ವರ್ಷ ಸುಮ್ಮನೆ ಬಿಡಿ, ಬೇರೆ ಮದ್ದಿಲ್ಲ.

ಇದೇ ಸಲಕ್ಕೆ ಕುಂಡವನ್ನೂ ಬದಲಿಸಿಬಿಡೋಣ ಎನ್ನುವ ಆಸೆ ಎಲ್ಲರಿಗೂ ಬರುತ್ತದೆ. ಪ್ರದರ್ಶನಗಳಲ್ಲಿ ವೇದಿಕೆಯ ಮೇಲೆ ಎರಡೇ ಗಂಟೆಯಲ್ಲಿ ಪೊದೆಯನ್ನು ಮರವಾಗಿಸಿ ಚಪ್ಪಾಳೆ ಗಿಟ್ಟಿಸುವವರನ್ನು ನೋಡಿ ಬಂದ ಆಸೆ ಅದು. ಆ ಮರ ಆರು ತಿಂಗಳ ಮೇಲೆ ಹೇಗಿದೆ ಎಂದು ಯಾರೂ ಕೇಳುವುದಿಲ್ಲ. ಕೊಂಬೆಯ ಮೇಲೆ ದೊಡ್ಡ ಕೆಲಸ ಮಾಡಿದ ವರ್ಷ ಬೇರಿಗೆ ಕೈ ಹಚ್ಚಬಾರದು. ಬೆಂಗಳೂರಿನ ಹವೆಯಲ್ಲಿ ಬಾಗಿಸುವ ಕೆಲಸವನ್ನು ಚಳಿಗಾಲದಲ್ಲಿ ಮುಗಿಸಿ, ಕುಂಡದ ಕೆಲಸವನ್ನು ಮುಂದಿನ ವರ್ಷ ಚಳಿ ಕಳೆದು ಚಿಗುರು ಕಾಣುವ ಹೊತ್ತಿಗೆ ಇಟ್ಟುಕೊಳ್ಳಬಹುದು. ಆಗಲೂ ಅಂಟು ಕೆಂಪು ಮಣ್ಣನ್ನು ಒಂದೇ ಬಾರಿಗೆ ತೊಳೆದು ಹಾಕದೆ ಅರ್ಧ ಮಾತ್ರ ತೆಗೆದು, ಜರಡಿ ಹಿಡಿದ ಇಟ್ಟಿಗೆ ಚೂರು, ದಪ್ಪ ಮರಳು, ಸ್ವಲ್ಪ ಎಲೆಗೊಬ್ಬರದ ಮಿಶ್ರಣ ತುಂಬಬೇಕು. ನೀರು ಹಾಕಿದ ಕೂಡಲೇ ಕೆಳಗೆ ಇಳಿದುಹೋಗಬೇಕು. ಬಿಸಿಲು ಏರುವ ಫೆಬ್ರುವರಿ, ಮಾರ್ಚಿನಲ್ಲಿ ಎಲೆ ಬೂದು ಬಣ್ಣಕ್ಕೆ ತಿರುಗಿದರೆ ಬಿಳಿ ಕಾಗದ ಹಿಡಿದು ಕೊಂಬೆ ತಟ್ಟಿ ನೋಡಿ. ಚುಕ್ಕಿಗಳು ಹರಿದಾಡಿದರೆ ಅದು ನುಸಿ. ಎಲೆಗೆ ರಭಸದ ನೀರು ಹೊಡೆದರೆ ಬಹುಪಾಲು ಹೋಗುತ್ತದೆ.

ಆತುರದ ವಿಷಯಕ್ಕೆ ಸುಝೌನವನೇ ಆದ ಶೆನ್ ಫು ನೆನಪಾಗುತ್ತಾನೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅವನು ಬರೆದ ಆತ್ಮಕಥನದಲ್ಲಿ ಕುಂಡದ ಮರಗಳ ಬಗ್ಗೆ ಕೆಲವು ಪುಟಗಳಿವೆ. ಬೇರು ಕೋಳಿಯ ಕಾಲಿನ ಹಾಗೆ ಹರಡಿರಬೇಕು, ಕೊಂಬೆಗಳು ಎರಡು ಭುಜಗಳ ಹಾಗೆ ಎದುರುಬದುರು ಇರಬಾರದು, ಗೆಣ್ಣು ಕೊಕ್ಕರೆಯ ಮೊಣಕಾಲಿನ ಹಾಗೆ ಉಬ್ಬಬಾರದು ಎನ್ನುತ್ತಾನೆ. ಒಂದು ಮರ ರೂಪುಗೊಳ್ಳಲು ಕಡಿಮೆಯೆಂದರೂ 30-40 ವರ್ಷ ಬೇಕೆಂದೂ, ತನ್ನ ಸೀಮೆಯಲ್ಲಿ ಒಬ್ಬ ಮುದುಕ ಮಾತ್ರ ಬಾಳಿನುದ್ದಕ್ಕೂ ಕೆಲವೇ ಮರಗಳನ್ನು ಮಾಡಿ ಮುಗಿಸಿದ್ದನ್ನು ಕಂಡಿದ್ದೇನೆಂದೂ ಹೇಳುತ್ತಾನೆ. ಅವನೂ ಹೆಂಡತಿ ಯುನ್‌ಳೂ ಸೇರಿ ಯಿಶಿಂಗ್ ಮಣ್ಣಿನ ಕುಂಡದಲ್ಲಿ ಕಲ್ಲು ಜೋಡಿಸಿ ಬೆಟ್ಟ ಕಟ್ಟಿ, ಬಳ್ಳಿ ಹಬ್ಬಿಸಿ, ಇಲ್ಲೊಂದು ಮನೆ ಕಟ್ಟೋಣ, ಅಲ್ಲಿ ಮಂಟಪವಿರಲಿ ಎಂದು ಮಾತಾಡಿಕೊಳ್ಳುತ್ತಿದ್ದರಂತೆ. ಒಂದು ರಾತ್ರಿ ಸೂರಿನ ಮೇಲೆ ಜಗಳವಾಡಿದ ಬೆಕ್ಕುಗಳು ಅದರ ಮೇಲೆ ಬಿದ್ದು ಕುಂಡ ಚೂರುಚೂರು. ಇಬ್ಬರೂ ಅತ್ತರು.

ಗಿಡಕ್ಕೆ ಇದೆಲ್ಲ ಹಿಂಸೆಯಲ್ಲವೇ ಎಂದು ಕೇಳುವವರಿದ್ದಾರೆ. ಚೀನಾದಲ್ಲೇ ಈ ಪ್ರಶ್ನೆ ಎದ್ದಿತ್ತು. 1839ರಲ್ಲಿ ಗೊಂಗ್ ಝಿಝೆನ್ ಎಂಬ ವಿದ್ವಾಂಸ ಒಂದು ಪುಟ್ಟ ಪ್ರಬಂಧ ಬರೆದ. ರಸಿಕರ ಮೆಚ್ಚುಗೆಗಾಗಿ ಸೊಟ್ಟಗೆ ಬಾಗಿಸಿದ 300 ಕುಂಡ ಪ್ಲಮ್ ಗಿಡಗಳನ್ನು ಕೊಂಡು ತಂದು, ಕುಂಡ ಒಡೆದು, ನೆಲದಲ್ಲಿ ನೆಟ್ಟು, ನಾರಿನ ಕಟ್ಟು ಬಿಚ್ಚಿ, ಐದು ವರ್ಷದಲ್ಲಿ ಗುಣಪಡಿಸುತ್ತೇನೆ ಎಂದು ಪಣ ತೊಟ್ಟದ್ದಾಗಿ ಅದರಲ್ಲಿ ಹೇಳಿದ. ಬಾಗಿಸಿದ ಗಿಡದ ನೆಪದಲ್ಲಿ ಅವನು ಮಾತಾಡಿದ್ದು ಚಿಂಗ್ ಅರಸೊತ್ತಿಗೆ ಬಾಗಿಸಿದ ಬುದ್ಧಿವಂತರ ಬಗ್ಗೆ. ಆದರೂ ಗಿಡದ ಮಾತು ಸುಳ್ಳಲ್ಲ. ಸೊರಗಿಸಿ ಕುಳ್ಳಾಗಿಸಿದ ಗಿಡ ರೋಗಿಯೇ. ಚೆನ್ನಾಗಿ ಸಾಕಿದ ಕುಂಡದ ಮರ ಹಾಗಲ್ಲ: ಬೇರನ್ನೂ ಕೊಂಬೆಯನ್ನೂ ಆಗಾಗ ಸವರಿ, ಗೊಬ್ಬರ ನೀರು ಕೊಟ್ಟು ಬೆಳೆಸಿದ ಅದು ನೆಲದ ಮರದಷ್ಟೇ ಗಟ್ಟಿ. ನಮ್ಮಲ್ಲಿ ವಾಸ್ತು ಹೇಳುವವರು ಕುಬ್ಜ ಮರ ಮನೆಯ ಏಳಿಗೆಯನ್ನು ಕುಗ್ಗಿಸುತ್ತದೆ ಎಂದು ಹೆದರಿಸುವುದುಂಟು. ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದವರು ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನವನ್ನು ನಡೆಸುತ್ತಿರುವಾಗ ನಾವು ನೀವು ಹೆದರುವ ಅಗತ್ಯ ಕಾಣುವುದಿಲ್ಲ.

ಮುಂದಿನ ಶತಮಾನದಲ್ಲಿ ಕುಂಡ ಒಡೆದವರ ಉದ್ದೇಶ ಬೇರೆಯಾಗಿತ್ತು. ಸುಝೌನ ಲೇಖಕ ಝೌ ಶೌಜುವಾನ್ ತನ್ನ ಮನೆಯ ತೋಟದಲ್ಲಿ ಪೆನ್‌ಜಿಂಗ್‌ನ ದೊಡ್ಡ ಸಂಗ್ರಹವನ್ನೇ ಬೆಳೆಸಿದ್ದರು. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಇಂಥ ಹವ್ಯಾಸ ಹಳೆಯ ಶ್ರೀಮಂತರ ಚಾಳಿ ಎನಿಸಿಕೊಂಡಿತು. ಕಿರುಕುಳ ತಾಳಲಾರದೆ 1968ರಲ್ಲಿ ಅವರು ಅದೇ ತೋಟದ ಬಾವಿಗೆ ಹಾರಿ ಪ್ರಾಣ ಬಿಟ್ಟರು. ಆ ವರ್ಷಗಳಲ್ಲಿ ಕಲೆಯನ್ನು ಹೊರಗಿನಿಂದ ಕಾದವರಲ್ಲಿ ಹಾಂಗ್‌ಕಾಂಗ್‌ನ ಬ್ಯಾಂಕರ್ ವು ಯೀ-ಸುನ್ ಒಬ್ಬರು. ಲಿಂಗ್‌ನಾನ್ ಪದ್ಧತಿಯ ಬಗ್ಗೆ ಪುಸ್ತಕ ಬರೆದರು, ಮುಂದೆ ತಮ್ಮ ಮರಗಳನ್ನು ಕೆನಡಾದ ಮಾಂಟ್ರಿಯಲ್ ಸಸ್ಯೋದ್ಯಾನಕ್ಕೂ ವಾಷಿಂಗ್ಟನ್ನಿನ ರಾಷ್ಟ್ರೀಯ ವೃಕ್ಷೋದ್ಯಾನಕ್ಕೂ ಕೊಟ್ಟರು. ಸುಝೌನ ಹುಲಿಗುಡ್ಡದ ತಪ್ಪಲಿನಲ್ಲಿ ಇವತ್ತು ಮತ್ತೆ ಪೆನ್‌ಜಿಂಗ್ ತೋಟವಿದೆ. ಯಾಂಗ್‌ಝೌನಲ್ಲಿ ಒಂದು ಸಂಗ್ರಹಾಲಯವೇ ಇದೆ.

ಗಿಡ ತರುವ ಮುನ್ನ ಒಂದು ಮಾತು ಕೇಳಿ. ಜುನಿಪರ್ ಮನೆಯೊಳಗೆ ಬಾಳುವ ಗಿಡವಲ್ಲ. ಟಿ.ವಿ. ಪಕ್ಕದಲ್ಲೋ ಆಫೀಸಿನ ಮೇಜಿನ ಮೇಲೋ ಇಟ್ಟರೆ ಕೆಲವೇ ತಿಂಗಳಲ್ಲಿ ಹೋಗುತ್ತದೆ. ಬೇರು ಸತ್ತ ಮೇಲೂ ಎಲೆ ವಾರಗಟ್ಟಲೆ ಹಸಿರಾಗಿಯೇ ಇರುವುದರಿಂದ, ಗೊತ್ತಾಗುವ ಹೊತ್ತಿಗೆ ಮಾಡಲು ಏನೂ ಉಳಿದಿರುವುದಿಲ್ಲ. ಬಿಸಿಲು, ಗಾಳಿ ಎರಡೂ ಇರುವ ತಾರಸಿ ಇದ್ದವರು ಮಾತ್ರ ಇದನ್ನು ತನ್ನಿ. ಅರ್ಧ ದಿನ ಬಿಸಿಲು ಬೀಳುವ ಬಾಲ್ಕನಿಯಷ್ಟೇ ಇದ್ದವರು ನರ್ಸರಿಯಲ್ಲಿ ಕಾಮಿನಿ ಗಿಡ ಕೇಳಿ. ಗುವಾಂಗ್‌ಡಾಂಗಿನವರ ಮೆಚ್ಚಿನ ಗಿಡ ಅದು. ತಂತಿ ಬೇಡ, ಕತ್ತರಿ ಸಾಕು, ಕಡಿದಲ್ಲಿ ಚಿಗುರುತ್ತದೆ, ಘಮಘಮಿಸುವ ಬಿಳಿ ಹೂವೂ ಬಿಡುತ್ತದೆ.